ಕುಬಟೂರಿನ ಬೆನಕಪ್ಪ ಹೋಟೆಲಿಗೆ ಹೋದದ್ದು

ಕುಬಟೂರಿನ ಬೆನಕಪ್ಪನಿಗೆ ಬಡಿಸುವುದೆಂದರೆ ಹುಡುಗಾಟವಲ್ಲ. ಮನುಷ್ಯ ಉಣ್ಣುವುದರಲ್ಲಿ ಹಿಂದೆ ಬಿದ್ದವನೇನಲ್ಲ. ಗದ್ದೆಯಲ್ಲಿ ದುಡಿಯುವ ಮೈ, ಹಸಿವು ಚೆನ್ನಾಗಿಯೇ ಇತ್ತು. ಆದರೆ ಮೊದಲ ಸಲ ಕೇಳಿದಾಗ ಅವನು "ಬ್ಯಾಡ" ಅನ್ನಬೇಕು. ಎರಡನೆಯ ಸಲ ಕೇಳಿದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಮೂರನೆಯ ಸಲ ಬಡಿಸುವವರು "ಇಷ್ಟೇ ಇಷ್ಟು" ಅನ್ನುತ್ತ ಆ ಕೈಯನ್ನು ಸರಿಸಿ ಹಾಕಿಯೇಬಿಡಬೇಕು. ಆಮೇಲೆ ಅವನು "ಇಷ್ಟೊಂದು ಯಾಕೆ ಹಾಕಿದ್ರಿ" ಎಂದು ಗೊಣಗುತ್ತ ಅಷ್ಟನ್ನೂ ಚೊಕ್ಕ ಮಾಡುವನು. ಅವನ ಅಪ್ಪ ಹಾಗೆಯೇ ಉಂಡದ್ದು, ಅಜ್ಜ ಹಾಗೆಯೇ ಉಂಡದ್ದು. ಕೇಳಿದ ಕೂಡಲೆ "ಹಾಕಿ" ಅನ್ನುವವನು ಅನ್ನ ಕಾಣದ ಮನೆಯಿಂದ ಬಂದವನು ಎಂಬುದು ಆ ಮನೆತನದ ಖಚಿತ ಅಭಿಪ್ರಾಯ.

ಸೊರಬದ ಕಡೆ ಉಪಚಾರ ಮಾಡುವುದು, ಮಾಡಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆಯೇ. ಬೆನಕಪ್ಪ ಅದನ್ನು ವ್ರತದ ಹಾಗೆ ಹಿಡಿದಿದ್ದ, ಅಷ್ಟೇ. ಒಮ್ಮೆ ಆನವಟ್ಟಿಯ ಮದುವೆಯೊಂದರಲ್ಲಿ ಯಾರೋ ಹೊಸಬ ಇವನ ಮೊದಲ "ಬ್ಯಾಡ"ವನ್ನು ನಂಬಿ ಹೋಳಿಗೆಯ ಬುಟ್ಟಿಯನ್ನು ಮುಂದಕ್ಕೆ ಒಯ್ದುಬಿಟ್ಟ. ಬೆನಕಪ್ಪ ಅರೆಹೊಟ್ಟೆಯಲ್ಲಿ ಎದ್ದು ಕೈ ತೊಳೆದ. ಆ ಮನೆಯ ಮಾತು ಬಂದಾಗಲೆಲ್ಲ, "ಒಳ್ಳೇ ಜನ, ಬಡಿಸೋಕೆ ಬರಲ್ಲ ಪಾಪ" ಅನ್ನುತ್ತಿದ್ದ. ಮನೆಯಲ್ಲಿ ಮಾತ್ರ ಈ ತೊಂದರೆ ಇರಲಿಲ್ಲ. ಹೆಂಡತಿ ರಾಜೇಶ್ವರಮ್ಮ ಒಲೆಯ ಮೇಲಿನ ಹಾಲನ್ನು ನೋಡುತ್ತಲೇ ಮೂರು ಸಲ ಕೇಳಿ ಮುಗಿಸುತ್ತಿದ್ದಳು. ಇವನು "ಬ್ಯಾಡ" ಅನ್ನುವ ಹೊತ್ತಿಗೆ ಸೌಟು ಆಗಲೇ ಅರ್ಧ ಬಗ್ಗಿರುತ್ತಿತ್ತು.

ಇಂಥ ಬೆನಕಪ್ಪನಿಗೆ ಮಗಳ ಮದುವೆಯ ಕಾಲ ಬಂತು. ಮಗಳ ಹೆಸರು ನೀಲಾಂಬಿಕ. ಗಂಡು ಶಿಕಾರಿಪುರದ ಜವಳಿ ವ್ಯಾಪಾರಿ ಗಂಗಾಧರಪ್ಪನ ಮಗ ವೀರಬಸಪ್ಪ. ಇಬ್ಬರಿಗೂ ದೂರದ ನಂಟನಾದ ಉಚ್ಚಂಗಪ್ಪ ನಡುವೆ ಓಡಾಡಿ ಮಾತು ಕೂಡಿಸಿದ್ದ. ಗಂಡಿನವರು ಕುಬಟೂರಿಗೆ ಬಂದು ಹುಡುಗಿಯನ್ನು ನೋಡಿ ಒಪ್ಪಿದ್ದರು. ಹುಡುಗ ಹೊರಡುವಾಗ ಜಗಲಿಯ ಮೇಲೆ ಮರೆತ ಛತ್ರಿಯನ್ನು ತೆಗೆದುಕೊಳ್ಳಲು ತಾನೇ ಹಿಂತಿರುಗಿ ಬಂದಿದ್ದ, ಅದನ್ನು ಕೊಟ್ಟವಳು ನೀಲಾಂಬಿಕ. ಛತ್ರಿ ತರುವಂಥ ಮಳೆಯೇನೂ ಅವತ್ತು ಇರಲಿಲ್ಲ ಎಂದು ರಾಜೇಶ್ವರಮ್ಮ ಗಮನಿಸಿದ್ದಳು, ಗಂಡನಿಗೆ ಹೇಳಿರಲಿಲ್ಲ.

ಇನ್ನು ಉಳಿದದ್ದು ಒಂದೇ. ಹೆಣ್ಣಿನ ತಂದೆ ಗಂಡಿನವರ ಊರಿಗೆ ಹೋಗಿ ಮನೆ ಮಠ ನೋಡಬೇಕು. ಮನಸ್ಸಿಗೆ ಬಂದರೆ ಬೀಗರ ಎದುರು ಕೂತು ಸಿಹಿ ತಿನ್ನಬೇಕು. ಅಲ್ಲಿಗೆ ಮಾತು ಗಟ್ಟಿ. ಬೇಡವಾದರೆ ಸಿಹಿ ಮುಟ್ಟದೆ ಎದ್ದು ಬಂದರಾಯಿತು. ಒಬ್ಬರಿಗೊಬ್ಬರು ಮುಖದ ಮೇಲೆ ಇಲ್ಲ ಅನ್ನುವ ಕಷ್ಟ ಬೇಡ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಅವರಿಗೆ ಬೆನಕಪ್ಪನ ಪರಿಚಯ ಇರಲಿಲ್ಲ.

ಉಚ್ಚಂಗಪ್ಪ ಜೊತೆಗೆ ಹೋಗಬೇಕಿತ್ತು, ಜ್ವರ ಬಂದು ಮಲಗಿದ. ಬೆನಕಪ್ಪ ಲಿಂಗಪೂಜೆ ಮುಗಿಸಿ, ಬೀಗರ ಮನೆಯ ಊಟಕ್ಕೆ ಜಾಗವಿರಲಿ ಎಂದು ಬೆಳಗಿನ ರೊಟ್ಟಿಯನ್ನೂ ಬಿಟ್ಟು, ಕೋಟು ರುಮಾಲು ಧರಿಸಿ ಆನವಟ್ಟಿಗೆ ನಡೆದು ಬಸ್ಸು ಹತ್ತಿದ.

ಶಿಕಾರಿಪುರದಲ್ಲಿ ಎಲ್ಲವೂ ಅವನಿಗೆ ಹಿಡಿಸಿತು. ಅಂಗಡಿ ದೊಡ್ಡದು, ಮನೆ ಗಾಳಿ ಬೆಳಕಿನದು, ಬಚ್ಚಲಿನ ಹಂಡೆ ಕೂಡ ಬೆಳಗಿ ಇಟ್ಟದ್ದು. ಹುಡುಗ ಎದ್ದು ನಿಂತು ಮಾತಾಡಿಸಿದ. ಬೆನಕಪ್ಪ ಮನಸ್ಸಿನಲ್ಲೇ ಸಿಹಿ ತಿಂದಾಗಿತ್ತು. ಅಷ್ಟರಲ್ಲಿ ಗಂಗಾಧರಪ್ಪ ಚಪ್ಪಲಿ ಮೆಟ್ಟಿ, "ನಡೀರಿ, ಹೋಟ್ಲಿಗೆ ಹೋಗಿ ಬರೋಣು" ಅಂದ.

ಬೆನಕಪ್ಪನ ಲೆಕ್ಕದಲ್ಲಿ ಹೋಟೆಲು ಇರುವುದು ಮನೆಯಿಲ್ಲದವರಿಗೆ, ಕೋರ್ಟಿಗೆ ಬಂದವರಿಗೆ, ಹೆಂಡತಿ ತವರಿಗೆ ಹೋದವರಿಗೆ. ಒಲೆ ಉರಿಯುತ್ತಿರುವ ಮನೆಯಿಂದ ಬೀಗನನ್ನು ಹೊರಗೆ ಕರೆದೊಯ್ಯುವುದೆಂದರೆ ಏನು ಅರ್ಥ?

ಗಂಗಾಧರಪ್ಪನ ಲೆಕ್ಕವೇ ಬೇರೆ. ಅವನು ಹೇಳಿಯೂ ಹೇಳಿದ: "ಮನೀ ಊಟ ದಿನಾ ಇದ್ದದ್ದೇರೀ. ನಿಮ್ಮಂಥೋರು ಬಂದಾಗ ಹೋಟ್ಲಿಗೇ ಕರ್ಕೊಂಡು ಹೋಗ್ಬೇಕು." ಬೀಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ಅವನು ಮನಸಾರೆ ನಂಬಿದ್ದ. ವಸಂತ ವಿಹಾರವೆಂಬ ಆ ಹೋಟೆಲು ಹೊಸದು. ಕಲ್ಲು ಹಾಸಿದ ಮೇಜು, ಗೋಡೆಯುದ್ದ ಕನ್ನಡಿ, ಮೇಲೆ ಗರಗರ ತಿರುಗುವ ಫ್ಯಾನು. ಕೂತಲ್ಲಿಂದ ಬೆನಕಪ್ಪನಿಗೆ ಎದುರಿನ ಕನ್ನಡಿಯಲ್ಲಿ ಇನ್ನೊಬ್ಬ ಬೆನಕಪ್ಪ ಕಾಣುತ್ತಿದ್ದ, ಅವನಿಗೂ ಹಸಿವಾದಂತಿತ್ತು.

ಸಪ್ಲೈಯರ್ ಬಂದು ಇಡ್ಲಿಯಿಂದ ಹಿಡಿದು ಕೇಸರಿಬಾತಿನ ತನಕ ಒಂದೇ ಉಸಿರಿನಲ್ಲಿ ಒಪ್ಪಿಸಿ ನಿಂತ.

"ಮೊದ್ಲು ನೀವು ಹೇಳ್ರಿ" ಎಂದ ಗಂಗಾಧರಪ್ಪ.

"ನಂಗೇನೂ ಬ್ಯಾಡ" ಅಂದ ಬೆನಕಪ್ಪ, ಮರ್ಯಾದಸ್ಥನಾಗಿ.

"ಕೇಸರಿಬಾತ್ ತಗೋರಿ. ಇಲ್ಲೀದು ಭಾಳ ಚಲೋ ಇರ್ತೈತಿ."

"ಬ್ಯಾಡ, ಬ್ಯಾಡ." ಎಲೆ ಇರಲಿಲ್ಲವಾದ್ದರಿಂದ ಬೆನಕಪ್ಪ ಬರೀ ಮೇಜಿನ ಮೇಲೆ ಕೈ ಅಡ್ಡ ಹಿಡಿದ.

ಇಲ್ಲಿಗೆ ಎರಡಾಯಿತು. ಅವನು ಮೂರನೆಯದಕ್ಕೆ ಮುಖ ಸಜ್ಜು ಮಾಡಿಕೊಂಡು ಕೂತ. ಗಂಗಾಧರಪ್ಪನ ಮುಖ ಮಾತ್ರ ಸಣ್ಣಗಾಯಿತು. ಅವನು ಒಂದು ಕ್ಷಣ ಬೆನಕಪ್ಪನ ಅಡ್ಡ ಹಿಡಿದ ಕೈಯನ್ನೇ ನೋಡಿ, ಸಪ್ಲೈಯರಿಗೆ ತಗ್ಗಿದ ದನಿಯಲ್ಲಿ ತನಗಷ್ಟೇ ಹೇಳಿದ. ಸಪ್ಲೈಯರ್ ಹೊರಟೇಹೋದ. ಹೋಟೆಲಿನ ಸಪ್ಲೈಯರಿಗೆ ಹತ್ತು ಮೇಜು, ಅವನು ಯಾರ ಕೈಯನ್ನು ಸರಿಸುತ್ತ ಕೂರುತ್ತಾನೆ.

ಕೇಸರಿಬಾತು ಬಂತು. ತುಪ್ಪ ಬಸಿಯುತ್ತಿತ್ತು, ನೆತ್ತಿಯ ಮೇಲೊಂದು ಗೋಡಂಬಿ. ಬೆನಕಪ್ಪ ನೀರು ಕುಡಿದ. ದೋಸೆ ಬಂತು. ಬೆನಕಪ್ಪ ಇನ್ನೂ ನೀರು ಕುಡಿದ. ಕೊನೆಗೆ ಗಂಗಾಧರಪ್ಪ, "ಕಾಫಿನಾದ್ರೂ ಕುಡೀರಿ" ಅಂದ. ಈಗಲಾದರೂ ಬೆನಕಪ್ಪ ಹೂಂ ಅನ್ನಬಹುದಿತ್ತು. ಆದರೆ ಕಾಫಿ ಹೊಸ ಪದಾರ್ಥ, ಅದಕ್ಕೆ ಎಣಿಕೆ ಮೊದಲಿನಿಂದ ಶುರುವಾಗಬೇಕು. "ಬ್ಯಾಡ" ಅಂದ.

ಗಂಗಾಧರಪ್ಪ ದೋಸೆಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಬೆನಕಪ್ಪ ಆ ಅರ್ಧ ದೋಸೆಯ ಕಡೆ ನೋಡದೆ ಹೊರಗೆ ಬಂದದ್ದು ಅವನ ಜೀವನದ ದೊಡ್ಡ ಸಾಧನೆಗಳಲ್ಲಿ ಒಂದು. ಬಸ್ಸಿನ ತನಕ ಇಬ್ಬರೂ ಮಳೆ ಬೆಳೆಯ ಮಾತಾಡಿದರು. ಶಿರಾಳಕೊಪ್ಪದಲ್ಲಿ ಬಾಳೆಹಣ್ಣಿನವಳು ಇವನು ಬೇಡವೆಂದರೂ ಕೇಳದೆ ಬಸ್ಸಿನ ಕಿಟಕಿಯೊಳಗೆ ಒಂದು ಚಿಪ್ಪನ್ನು ತುರುಕಿದಳು. ಜನ ಅಂದರೆ ಹೀಗಿರಬೇಕು ಎಂದುಕೊಂಡು ಬೆನಕಪ್ಪ ಅಷ್ಟನ್ನೂ ತಿಂದ.

"ಮನೆ ಒಳ್ಳೇದು, ಹುಡುಗ ಒಳ್ಳೇವ್ನು" ಎಂದು ಅವನು ಹೆಂಡತಿಗೆ ವರದಿ ಒಪ್ಪಿಸಿದ. "ಅವರಪ್ಪಂಗೆ ಉಪಚಾರ ಮಾಡೋದೊಂದು ಗೊತ್ತಿಲ್ಲ."

"ಸಿಹಿ ತಿಂದ್ರೋ ಇಲ್ವೋ?"

"ಅವ್ರು ಹಾಕ್ಸಿದ್ರೆ ತಾನೆ ತಿನ್ನೋದು."

ರಾಜೇಶ್ವರಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ತಾನೂ ಕೂತಳು. ಗಂಡನನ್ನು ಬಲ್ಲ ಹೆಂಗಸು, ಏನು ನಡೆದಿರಬಹುದೆಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಜ್ವರ ಬಿಟ್ಟ ಮೇಲೆ ಉಚ್ಚಂಗಪ್ಪ ಬಂದ. ಜಗಲಿಯ ಮೇಲೆ ಕೂರುವ ಮುಂಚೆಯೇ, "ಅಲ್ಲ ಮಾರಾಯ, ಸಂಬಂಧ ಬ್ಯಾಡ ಅನ್ನೋದಾಗಿದ್ರೆ ನಂಗೊಂದು ಮಾತು ಹೇಳಬಾರ್ದಿತ್ತಾ?" ಅಂದ. "ಹೆಣ್ಣಿನ ತಂದೆ ಸಿಹಿ ಇರ್ಲಿ, ಕಾಫಿನೂ ಮುಟ್ಟಲಿಲ್ಲ ಅಂತ ಗಂಗಾಧರಪ್ಪ ಭಾಳ ನೊಂದ್ಕೊಂಡಾನೆ. ಸೊರಬದಲ್ಲಿ ಇನ್ನೊಂದು ಹೆಣ್ಣು ಐತಂತೆ, ನಾಳೆ ನೋಡಾಕೆ ಬರ್ತಾನೆ."

"ನಾನೆಲ್ಲಿ ಬ್ಯಾಡ ಅಂದೆ?"

"ಎರಡು ಸಲ ಅಂದ್ಯಂತಲ್ಲ."

"ಎರಡೇ ಸಲ ಅಂದದ್ದು" ಎಂದ ಬೆನಕಪ್ಪ, ಅನ್ಯಾಯಕ್ಕೊಳಗಾದವನ ದನಿಯಲ್ಲಿ.

ಉಚ್ಚಂಗಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ನೀಲಾಂಬಿಕ ಅವನಿಗೆ ಮಜ್ಜಿಗೆ ತಂದು ಕೊಟ್ಟು ಒಳಗೆ ಹೋದಳು. ಬೆನಕಪ್ಪ ಎದ್ದು ಹಿಂದೆಯೇ ಹೋದ. ಒಂದು ವೇಳೆ ಹುಡುಗಿಗೂ ಈ ಸಂಬಂಧ ಅಷ್ಟಕ್ಕಷ್ಟೇ ಆಗಿದ್ದರೆ ತನ್ನ ತಪ್ಪು ತಪ್ಪೇ ಅಲ್ಲವಲ್ಲ ಎಂಬ ಸಣ್ಣ ಆಸೆ ಅವನಿಗೆ.

"ಕೇಳಿಸ್ಕೊಂಡ್ಯಲ್ಲ ಮಗಾ. ನೀನೇನಂತೀಯ, ನಂಗೆ ಸರಿಯಾಗಿ ಹೇಳು."

"ಹೋಗ್ಲಿ ಬಿಡಪ್ಪ. ನಂಗೇನು ಆ ಊರು ಬ್ಯಾಡ."

ಆ "ಬ್ಯಾಡ" ಅವನಿಗೆ ಎಲ್ಲೋ ಕೇಳಿದಂತಿತ್ತು. ನಲವತ್ತು ವರ್ಷದಿಂದ ದಿನಾ ಎಲೆಯ ಮುಂದೆ ಕೂತು ತಾನೇ ಹೇಳಿದ್ದು. ಅವನು ಇನ್ನೊಂದು ಸಲ ಕೇಳಿದ. ಅವಳು ಗೋಡೆಯ ಕಡೆ ತಿರುಗಿ ಮತ್ತೆ ಹಾಗೆಯೇ ಅಂದಳು. ಮೂರನೆಯ ಸಲ ಕೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆನಕಪ್ಪನಿಗೆ ತನ್ನ ಮರ್ಯಾದೆಯನ್ನು ಕಾಪಾಡಿಕೊಂಡು ಮಗಳ ಬಾಳನ್ನು ಶಿಕಾರಿಪುರದ ಹೋಟೆಲಿನ ಮೇಜಿನ ಮೇಲೆ ಬಿಟ್ಟು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೋದ. ಗಂಗಾಧರಪ್ಪ ಇಳಿದ ಊರಿನಲ್ಲಿ ಮೊದಲು ಎಲ್ಲಿಗೆ ಹೋಗುತ್ತಾನೆಂದು ಈಗ ಇವನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಒಂದು ಹಂಚಿನ ಹೋಟೆಲು, ಹೊಗೆ ಹಿಡಿದ ಗೋಡೆ, ಅಲ್ಲಾಡುವ ಬೆಂಚು. ಗಂಗಾಧರಪ್ಪ ಒಬ್ಬನೇ ಕೂತು ಇಡ್ಲಿ ಮುರಿಯುತ್ತಿದ್ದ. ಹುಡುಗ ಬಂದಿರಲಿಲ್ಲ, ಹೊಟ್ಟೆನೋವು ಅಂದನಂತೆ. ಬೆನಕಪ್ಪ ಯಾರೂ ಕರೆಯದೆ, ಯಾರೂ ಕೂರಿ ಅನ್ನದೆ, ಹೋಗಿ ಎದುರಿನ ಬೆಂಚಿನ ಮೇಲೆ ಕೂತ. ಹುಟ್ಟಿದಾಗಿನಿಂದ ಅಂಥ ಕೆಲಸ ಮಾಡಿದವನಲ್ಲ, ಕಿವಿಯೆಲ್ಲ ಬಿಸಿಯಾಯಿತು.

ಗಂಗಾಧರಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನೋಡಿದ. ಸಪ್ಲೈಯರ್ ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿ, "ನಿಮಗೇನ್ರೀ?" ಅಂದ.

"ನಂಗೇನೂ ಬ್ಯಾ" ಎಂದು ನಾಲಗೆ ತಾನಾಗಿಯೇ ಹೊರಟಿತು. ಬೆನಕಪ್ಪ ಅದನ್ನು ಅರ್ಧದಲ್ಲೇ ನುಂಗಿ, ದನಿ ಎತ್ತರಿಸಿ, "ಕೇಸರಿಬಾತ್ ಬೇಕು" ಅಂದ.

"ಇವತ್ತು ಮಾಡಿಲ್ಲ."

"ಬೇರೆ ಏನಾದ್ರೂ ಸಿಹಿ?"

"ಮಧ್ಯಾಹ್ನದ ಮ್ಯಾಲೆ ಬರ್ರಿ."

"ಕಾಫಿಗೆ ಏನು ಹಾಕ್ತೀರಿ?"

"ಸಕ್ರೆ."

"ಒಂದು ಬಟ್ಲು ಸಕ್ರೆ ತಗಂಬಾ. ಕಾಫಿ ಇಲ್ದಿದ್ರೂ ಅಡ್ಡಿಲ್ಲ."

ಸಪ್ಲೈಯರ್ ಗಲ್ಲಾದ ಕಡೆ ನೋಡಿದ, ಗಲ್ಲಾದವನು ಭುಜ ಹಾರಿಸಿದ. ಬಟ್ಟಲು ಬಂತು. ಬೆನಕಪ್ಪ ಬೀಗನ ಮುಖವನ್ನೇ ನೋಡುತ್ತ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡ. ಅದು ಹಿಡಿಗಟ್ಟಲೆ ನುಂಗುವ ಪದಾರ್ಥವಲ್ಲ. ಮಾತಾಡಲು ಹೋಗಿ ಕೆಮ್ಮಿದ, ಮೀಸೆಯೆಲ್ಲ ಬೆಳ್ಳಗಾಯಿತು. ಅಕ್ಕಪಕ್ಕದ ಬೆಂಚಿನವರು ಕಾಫಿ ಬಿಟ್ಟು ಇವನನ್ನೇ ನೋಡತೊಡಗಿದರು.

"ನಾನು ಬ್ಯಾಡ ಅಂದದ್ದು ಸಂಬಂಧಕ್ಕಲ್ಲ ಕಣ್ರೀ" ಎಂದ, ನೀರು ಕುಡಿದು ಸುಧಾರಿಸಿಕೊಂಡು. "ಬಾಯಿ ರೂಢಿ. ಅವತ್ತು ನೀವು ಇನ್ನೊಂದು ಸಲ ಅಂದಿದ್ರೆ ಆ ಕೇಸರಿಬಾತ್ ಅಷ್ಟೂ ತಿಂತಿದ್ದೆ, ನಿಮ್ಮ ದೋಸೆನೂ ತಿಂತಿದ್ದೆ. ಹಸಿದು ಪ್ರಾಣ ಹೋಗ್ತಿತ್ತು ನಂಗೆ."

ಗಂಗಾಧರಪ್ಪ ಸಕ್ಕರೆ ಹತ್ತಿದ ಆ ಮೀಸೆಯನ್ನು ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಹಸಿದಿದ್ರೆ ಹಸಿದೀನಿ ಅನ್ನೋದಲ್ಲೇನ್ರೀ? ನಮ್ಮಲ್ಲಿ ಬ್ಯಾಡ ಅಂದ್ರೆ ಬ್ಯಾಡ ಅಂತ ತಿಳ್ಕೊಂಡ್ಬಿಡ್ತೀವಿ" ಅಂದ. ತಾನೂ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡ. ಸೊರಬದ ಹೆಣ್ಣಿನವರಿಗೆ ಇಂದು ಬರಲಾಗುವುದಿಲ್ಲವೆಂದು ಹೇಳಿ ಕಳಿಸಿದ್ದೂ ಆಯಿತು. ಅಲ್ಲಿಗೆ ಮಾತು ಗಟ್ಟಿಯಾದಂತೆ.

ಬೆನಕಪ್ಪ ಮಾತ್ರ ಏಳಲಿಲ್ಲ. ಬ್ಯಾಡ ಅಂದ್ರೆ ಬ್ಯಾಡ ಎಂಬ ಬೀಗನ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮೇಜಿನ ಮೇಲೆ ಚೆಲ್ಲಿದ ಸಕ್ಕರೆಯನ್ನು ಬೆರಳಿನಿಂದ ಒಟ್ಟು ಮಾಡುತ್ತ ಕೂತ.

"ಇನ್ನೇನಾದ್ರೂ ಮಾತು ಐತೇನ್ರೀ?" ಎಂದು ಕೇಳಿದ ಗಂಗಾಧರಪ್ಪ, ಸ್ವಲ್ಪ ಅನುಮಾನದಿಂದ.

"ಒಂದೈತೆ. ನಮ್ಮ ನೀಲ ನಮ್ಮ ಮನೇಲೇ ಬೆಳೆದೋಳು. ನಿಮ್ಮನೇಲಿ ಹಸಿವಾದ್ರೂ ಬ್ಯಾಡ ಅಂತಾಳೆ. ಅಂಗಡಿ ತುಂಬ ಸೀರೆ ಇದ್ರೂ, ನಂಗೆ ಬ್ಯಾಡ ಅಂತಾಳೆ. ಮೈಯಾಗೆ ಹುಷಾರಿಲ್ದಿದ್ರೂ ಡಾಕ್ಟ್ರು ಬ್ಯಾಡ ಅಂತಾಳೆ. ತೌರಿಗೆ ಹೋಗ್ತೀಯ ಅಂತ ಕೇಳಿದ್ರೂ ಬ್ಯಾಡ ಅಂತಾಳೆ." ಬೆನಕಪ್ಪ ಒಟ್ಟು ಮಾಡಿದ ಸಕ್ಕರೆಯನ್ನು ಬಟ್ಟಲಿಗೆ ಸುರಿದ. "ನೀವು ನಂಬಿಬಿಡಬ್ಯಾಡ್ರಿ. ಅವಳ್ನ ಇನ್ನೊಂದು ಸಲ ಕೇಳ್ರಿ."

ಗಂಗಾಧರಪ್ಪನ ನಗು ನಿಂತಿತು. ಅವನು ತನ್ನ ತಟ್ಟೆಯಲ್ಲಿ ಉಳಿದಿದ್ದ ಇಡ್ಲಿಯನ್ನು ಪಕ್ಕಕ್ಕೆ ಸರಿಸಿ, ಸಪ್ಲೈಯರನ್ನು ಕರೆದು, ಬೀಗರಿಗೆ ಬಿಸಿ ಇಡ್ಲಿ ತರಿಸಿ ಮುಂದಿಟ್ಟ.

"ತಗೋರಿ."

"ಬ್ಯಾಡ" ಎಂದ ಬೆನಕಪ್ಪ. ನಿಜವಾಗಿಯೂ ಅಭ್ಯಾಸಬಲದಿಂದಲೇ ಬಂತು ಆ ಮಾತು.

"ತಗೋರಿ ಅಂದೆ."

ಬೆನಕಪ್ಪನ ಕೈ ತಟ್ಟೆಯ ಮೇಲೆ ಅಡ್ಡ ಬಂತು. ಗಂಗಾಧರಪ್ಪ ಆ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟು, ಮತ್ತೊಂದು ಸಲ ಕೇಳಿದ.