ಎಡದಿಂದ ಬರುವ ಹೊಡೆತ

ಹಿಗಾಕಿ ಶಿಗೆತೊನಿಗೆ ದಿನಕ್ಕೆ ಎರಡು ಸಲ ಮಾತ್ರ ಕೆಲಸ. ಬೆಳಿಗ್ಗೆ ಬಿಳಿ ವ್ಯಾನಿನಲ್ಲಿ ಜಪಾನಿನ ಅಮಾಗಸಾಕಿ ಊರಿನ ಓಣಿಗಳನ್ನೆಲ್ಲ ಸುತ್ತಿ ಏಳು ಮಂದಿ ಮುದುಕ ಮುದುಕಿಯರನ್ನು ಹಗಲಿನ ಆರೈಕೆ ಕೇಂದ್ರಕ್ಕೆ ಕರೆತರಬೇಕು. ಸಂಜೆ ನಾಲ್ಕಕ್ಕೆ ಅವರನ್ನು ಅವರವರ ಬಾಗಿಲಿಗೆ ಮುಟ್ಟಿಸಬೇಕು. ನಡುವಿನ ಹೊತ್ತು ಅವನದು. ಹನ್ನೊಂದು ವರ್ಷದಿಂದ ಆ ಹೊತ್ತನ್ನು ಅವನು ಫುಸಾಯೊ ಎಂಬಾಕೆಯ ವಿಡಿಯೊ ಆಟದಂಗಡಿಯ ಕೊನೆಯ ಮೂಲೆಯಲ್ಲಿ, ಬೇರೆ ಯಾರೂ ಮುಟ್ಟದ ಒಂದು ಯಂತ್ರದ ಮುಂದೆ ಕಳೆಯುತ್ತಿದ್ದ.

ಆಟದ ಹೆಸರು ‘ನಾಲ್ಕು ಹಗ್ಗ’. ಮೂವತ್ತಾರು ವರ್ಷ ಹಳೆಯ ಬಾಕ್ಸಿಂಗ್ ವಿಡಿಯೊ ಗೇಮ್. ಹೊಸದಾಗಿ ಬಂದಾಗಲೂ ಅದು ಓಡಲಿಲ್ಲ. ಪಕ್ಕದ ಯಂತ್ರಗಳಲ್ಲಿ ಮುಷ್ಟಿಯಿಂದ ಬೆಂಕಿ ಹಾರುತ್ತಿದ್ದಾಗ ಇದರಲ್ಲಿ ಹಾಡೂ ಇರಲಿಲ್ಲ, ಯಾರ ಶಕ್ತಿ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿಯೂ ಇರಲಿಲ್ಲ. ಎದುರಾಳಿಯ ಉಸಿರು ಕೇಳುತ್ತದೆ, ಬೂಟು ಕಿರುಗುಟ್ಟುತ್ತದೆ, ಅಷ್ಟೇ. ಹೊಡೆತ ಬರುವ ಮುಂಚೆ ಅವನ ಹಿಮ್ಮಡಿ ಕೂದಲೆಳೆಯಷ್ಟು ತಿರುಗುತ್ತದೆ. ಅದನ್ನು ಕಂಡವನು ಉಳಿಯುತ್ತಾನೆ, ಕಾಣದವನು ನೆಲಕ್ಕೆ ಬೀಳುತ್ತಾನೆ. ಶಿಗೆತೊ ನಿಜವಾದ ರಿಂಗಿನಲ್ಲಿ ಒಂಬತ್ತು ಪಂದ್ಯ ಆಡಿದವನು. ಇಷ್ಟು ಪ್ರಾಮಾಣಿಕವಾದ ಆಟ ಇನ್ನೊಂದಿಲ್ಲವೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ ಬೇರೆ ಯಂತ್ರಕ್ಕೆ ಹೋಗುತ್ತಿದ್ದರು.

ಆ ವರ್ಷ ಫೆಬ್ರವರಿಯ ಕೊನೆಯಲ್ಲಿ ಪರದೆಯ ಎಡ ತುದಿ ಮಸುಕಾಯಿತು.

“ಅಕ್ಕಾ, ನಿನ್ನ ಯಂತ್ರಕ್ಕೆ ವಯಸ್ಸಾಯ್ತು. ಎಡಗಡೆ ಕೆಳಗೆ ಕಪ್ಪಾಗ್ತಿದೆ ನೋಡು,” ಎಂದ ಶಿಗೆತೊ.

ಫುಸಾಯೊಗೆ ಎಪ್ಪತ್ತೊಂದು. ಗಂಡ ಸತ್ತ ಮೇಲೆ ಬೆಸುಗೆ ಕಡ್ಡಿ ಹಿಡಿದು ಎಲ್ಲ ಯಂತ್ರಗಳನ್ನೂ ತಾನೇ ರಿಪೇರಿ ಮಾಡಿಕೊಂಡು ಬಂದವಳು. ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದಳು.

“ನನಗೇನೂ ಕಾಣಲ್ವಲ್ಲೋ.”

“ನಿನಗೆ ವಯಸ್ಸಾಗಿಲ್ವಾ ಮತ್ತೆ?”

“ನನ್ನ ವಯಸ್ಸಿನ ಸುದ್ದಿ ಬಿಡು. ಆ ಬೆಸ್ತನ್ನ ಹೊಡೆದು ಮಲಗಿಸು, ಆಮೇಲೆ ಮಾತಾಡು.”

ಬೆಸ್ತ ಎಂದರೆ ಆಟದ ಏಳನೆಯ, ಕೊನೆಯ ಎದುರಾಳಿ. ನೋತೊ ಕರಾವಳಿಯ ಮೀನುಗಾರ. ಅವನ ಬಲಗೈ ಹೊಡೆತ ಪರದೆಯ ಎಡದಿಂದ ಬರುತ್ತದೆ. ಶಿಗೆತೊ ಅವನನ್ನು ಆ ದಿನವೂ ಮಲಗಿಸಿದ, ಮರುದಿನವೂ ಮಲಗಿಸಿದ. ಆದ್ದರಿಂದ ತಪ್ಪು ಪರದೆಯದೇ ಎಂದು ಅವನು ನಿಶ್ಚಿಂತನಾಗಿದ್ದ. ಕಣ್ಣು ಕೆಟ್ಟವನು ಬೆಸ್ತನನ್ನು ಗೆಲ್ಲುವುದುಂಟೇ?

ನಿಶ್ಚಿಂತೆ ಎನ್ನುವುದಕ್ಕಿಂತ, ಆ ಕಡೆ ಯೋಚನೆ ಹೋಗದಂತೆ ಅವನು ಬಾಗಿಲು ಹಾಕಿದ್ದ ಎನ್ನಬೇಕು. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಅವನ ಬಲಗಣ್ಣಿಗೆ ಹೀಗೆಯೇ ಮೂಲೆಯಿಂದ ಕಪ್ಪು ಏರಿತ್ತು. ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಕಳಚಿಕೊಂಡರೆ ಬಾಕ್ಸರನ ಬದುಕು ಮುಗಿದಂತೆ, ಲೈಸೆನ್ಸು ಕಿತ್ತುಕೊಳ್ಳುತ್ತಿದ್ದರು. ಅದಕ್ಕೇ ಜಿಮ್ಮಿನ ಹುಡುಗರು ಒಂದು ದಾರಿ ಕಂಡುಕೊಂಡಿದ್ದರು. ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಅಕ್ಷರಗಳಿರುವುದಿಲ್ಲ, ಒಂದು ಕಡೆ ಬಾಯಿ ತೆರೆದ ಉಂಗುರಗಳಿರುತ್ತವೆ. ತೆರಪು ಯಾವ ಕಡೆಗಿದೆ ಎಂದು ಹೇಳಬೇಕು. ಮೊದಲು ಒಳಹೋದವನು ಉಂಗುರಗಳ ಕ್ರಮವನ್ನು ಕೈಗೆ ಸುತ್ತುವ ಬಟ್ಟೆಪಟ್ಟಿಯ ಮೇಲೆ ಬರೆದು ತಂದು ಕೊಟ್ಟಿದ್ದ. ಬಲ, ಕೆಳಗೆ, ಎಡ, ಎಡ, ಮೇಲೆ, ಬಲ. ಶಿಗೆತೊ ಬಾಯಿಪಾಠ ಮಾಡಿ ಒಪ್ಪಿಸಿ ಬಂದ, ಇನ್ನೆರಡು ಪಂದ್ಯ ಆಡಿದ. ಆಮೇಲೆ ಶಸ್ತ್ರಕ್ರಿಯೆ ಆಗುವ ಹೊತ್ತಿಗೆ ತಡವಾಗಿತ್ತು. ಅಂದಿನಿಂದ ಬಲಗಣ್ಣಿನ ಲೋಕ ಒದ್ದೆ ಕಾಗದದ ಹಿಂದಿರುವಂತೆ. ಎರಡೂ ಕಣ್ಣಿನ ಕೆಲಸವನ್ನು ಎಡಗಣ್ಣು ಒಂದೇ ಮಾಡಿಕೊಂಡು ಬಂದಿತ್ತು.

ಮಾರ್ಚ್ ಮೂರನೆಯ ವಾರ, ಒಂದು ಬೆಳಿಗ್ಗೆ. ವ್ಯಾನಿನಲ್ಲಿ ಅವನ ಎಡಪಕ್ಕದ ಸೀಟು ಎಂಬತ್ತೊಂಬತ್ತರ ಮಿನೆಗಿಶಿ ಅಜ್ಜಿಯದು. ಅಲ್ಲಿ ಬೇರೆಯವರು ಕುಳಿತರೆ ಅವಳು ಹತ್ತುತ್ತಿರಲಿಲ್ಲ. ಅಕ್ಕಿಯಂಗಡಿಯ ತಿರುವಿನಲ್ಲಿ ಅವಳು ಇದ್ದಕ್ಕಿದ್ದಂತೆ ಶಿಗೆತೊನ ತೋಳು ಹಿಡಿದಳು. ಎಡಗಡೆ ಏನೋ ಸವರಿದ ಸದ್ದಾಯಿತು. ಬ್ರೇಕ್ ಹಾಕಿ ತಿರುಗಿ ನೋಡಿದರೆ ಸೈಕಲ್ಲಿನ ಹೆಂಗಸೊಬ್ಬಳು ಗೋಡೆಗೆ ಒರಗಿ ನಿಂತು ಅವನನ್ನೇ ದಿಟ್ಟಿಸುತ್ತಿದ್ದಳು.

“ಎಲ್ಲಿಂದಲೋ ನುಗ್ಗಿಬಿಟ್ಟಳು,” ಎಂದ.

“ನುಗ್ಗಲಿಲ್ಲ. ಆ ಗಲ್ಲಿ ಬಾಯಿಂದ ನಮ್ಮ ಪಕ್ಕಕ್ಕೇ ಬರ್ತಿದ್ದಳು,” ಎಂದಳು ಅಜ್ಜಿ. “ಹಿಗಾಕಿಯವರೇ, ನನ್ನನ್ನ ಕರ್ಕೊಂಡು ಹೋಗೋ ಕೆಲಸ ಯಮನದು. ನೀವು ಕೇಂದ್ರದವರೆಗೆ ಬಿಟ್ಟರೆ ಸಾಕು.”

ಹಿಂದಿನ ಸೀಟುಗಳಲ್ಲಿ ನಕ್ಕರು. ಶಿಗೆತೊನೂ ನಕ್ಕ. ಕೇಂದ್ರದಲ್ಲಿ ಗಾಡಿ ನಿಲ್ಲಿಸಿದಾಗ ಎಡಗನ್ನಡಿಯ ಸಂದಿಯಲ್ಲಿ ಗೇಣುದ್ದದ ಹಸಿರು ಈರುಳ್ಳಿ ದಂಟು ಸಿಕ್ಕಿಕೊಂಡಿತ್ತು, ಆ ಹೆಂಗಸಿನ ಬುಟ್ಟಿಯದು. ಅವನು ಸುತ್ತಮುತ್ತ ನೋಡಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಅಂಗಡಿಯಲ್ಲಿ ಬೆಸ್ತ ಮತ್ತೆ ಮಲಗಿದ.

“ಪರದೆ ಸರಿಮಾಡ್ತೀಯೋ ಇಲ್ವೋ?” ಶಿಗೆತೊನ ದನಿ ಗಡುಸಾಗಿತ್ತು.

ಫುಸಾಯೊ ಹಿಂದೆ ನಿಂತು ನೋಡುತ್ತಿದ್ದಳು. “ಶಿಗೆ, ಒಂದು ಮಾತು. ಬೆಸ್ತನ ಹಿಮ್ಮಡಿ ತಿರುಗೋಕೆ ಮುಂಚೇನೇ ನೀನು ತಲೆ ತಪ್ಪಿಸ್ತಿದ್ದೀಯ. ಮೊದಲು ಹಂಗೆ ಆಡ್ತಿರಲಿಲ್ಲ.”

“ಎಷ್ಟು ವರ್ಷದ ಅಭ್ಯಾಸ.”

“ಅದೇ. ಅಭ್ಯಾಸ ಆಡ್ತಿದೆ, ನೀನಲ್ಲ.”

ಅವಳು ಯಂತ್ರದ ಬೀಗ ತೆಗೆದು ಒಳಗಿನ ಗುಂಡಿ ಒತ್ತಿದಳು. ರಿಂಗು ಮಾಯವಾಗಿ ಪರದೆಯ ತುಂಬ ಬಿಳಿ ಗೆರೆಗಳ ಚೌಕುಳಿ ಮೂಡಿತು. ಪರದೆ ನೆಟ್ಟಗಿದೆಯೋ ಇಲ್ಲವೋ ನೋಡಲು ರಿಪೇರಿಯವರು ಹಾಕುವ ಚಿತ್ರ ಅದು.

“ಗೆರೆ ಎಲ್ಲಾದರೂ ಸೊಟ್ಟಗಿದ್ರೆ ತಪ್ಪು ಪರದೇದು. ನಡುವಿನ ಚುಕ್ಕೆ ನೋಡು. ನಿಮ್ಮ ಜಿಮ್ಮಲ್ಲಿ ಹೇಳ್ತಿದ್ರಲ್ಲ, ಎದುರಾಳಿ ಎದೆ ನೋಡು, ಕೈ ನೋಡಬೇಡ ಅಂತ. ಹಂಗೆ ನೋಡು.”

ಅವನು ನೋಡಿದ. ಬಲಗಡೆಯ ಚೌಕಗಳು ಕಾಗದದ ಚೌಕಗಳಿರುವ ಹೊಸ ಷೋಜಿ ಬಾಗಿಲಿನಂತೆ ನೇರವಾಗಿದ್ದವು. ಎಡಕ್ಕೆ ಬರುಬರುತ್ತ ಗೆರೆಗಳು ಬಾಗಿದವು, ನಡುಗಿದವು. ಆಚೆಗೆ ಏನೂ ಇರಲಿಲ್ಲ.

“ಅಡ್ಡ ಸಾಲಲ್ಲಿ ಎಷ್ಟು ಚೌಕ?”

ಬಲಗಡೆ ಎಂಟು. ಅಂದ ಮೇಲೆ ಎಡಗಡೆಯೂ ಎಂಟು. “ಹದಿನಾರು,” ಎಂದ.

“ಸರಿ. ಕಣ್ಣು ಚುಕ್ಕೆ ಮೇಲೇ ಇರಲಿ. ಎಡಗಡೆ ಬೆರಳು ತೋರಿಸ್ತಿದ್ದೀನಿ. ಎಷ್ಟು?”

“ಮೂರು.”

ಅವನು ಮುಖ ತಿರುಗಿಸಿದ. ಅವಳು ಪರದೆಯ ಎಡಭಾಗಕ್ಕೆ ಕೆಂಪು ಒರೆಸುಬಟ್ಟೆಯನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದು ನಿಂತಿದ್ದಳು. ಎಡ ತುದಿಯ ಚೌಕಗಳೆಲ್ಲ ಅದರ ಹಿಂದೆ ಮುಚ್ಚಿಹೋಗಿದ್ದವು.

“ಕಾಣದೇನೇ ಹದಿನಾರು ಅಂದೆಯಲ್ಲ,” ಎಂದಳು ಮೆಲ್ಲಗೆ. “ಯಾರಿಗೆ ಪಾಠ ಒಪ್ಪಿಸ್ತಿದ್ದೀಯ?”

ಗೋಡೆ ಗಡಿಯಾರದಲ್ಲಿ ಎರಡೂವರೆ. ಇನ್ನು ಒಂದೂವರೆ ಗಂಟೆಯಲ್ಲಿ ಏಳು ಮಂದಿ ಬೂಟು ಹಾಕಿಕೊಂಡು ಬಾಗಿಲ ಬಳಿ ಬೆಂಚಿನ ಮೇಲೆ ಅವನಿಗಾಗಿ ಕಾಯುತ್ತಾರೆ. ಮಿನೆಗಿಶಿ ಅಜ್ಜಿ ಎಡಪಕ್ಕದಲ್ಲಿ ಕುಳಿತು ಬೆಲ್ಟು ಸಿಕ್ಕಿಸಿಕೊಳ್ಳುತ್ತಾಳೆ.

“ಇವತ್ತೊಂದು ದಿನ,” ಎಂದ ಶಿಗೆತೊ. “ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗ್ತೀನಿ. ದಾರಿ ನನಗೆ ಬಾಯಿಪಾಠ, ಅಕ್ಕಾ.”

“ಬೆಸ್ತನೂ ಬಾಯಿಪಾಠ. ಸೈಕಲ್‌ನೋರು ಬಾಯಿಪಾಠವಾಗಿ ಬರ್ತಾರಾ?”

ಸೈಕಲ್ಲಿನ ಸಂಗತಿಯನ್ನು ಅವನು ಅವಳಿಗೆ ಹೇಳಿರಲೇ ಇಲ್ಲ. ಅವಳು ಸುಮ್ಮನೆ ಆಡಿದ ಮಾತು ಅದು. ಆದರೆ ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ವ್ಯಾನಿನ ಕೀಲಿಯ ಜೊತೆ ಬಾಡಿದ ಈರುಳ್ಳಿ ದಂಟೂ ಈಚೆಗೆ ಬಂತು. ಎರಡನ್ನೂ ಅವನು ಯಂತ್ರದ ಗುಂಡಿಗಳ ಪಕ್ಕ ಇಟ್ಟ. ಫೋನ್ ತೆಗೆದು ಕೇಂದ್ರಕ್ಕೆ ಮಾಡಿದ.

“ಹಿಗಾಕಿ ಮಾತಾಡ್ತಿದ್ದೀನಿ. ಇವತ್ತು ಸಂಜೆ ನಾನು ಓಡಿಸಲ್ಲ, ಬೇರೆಯವರನ್ನ ಕಳಿಸಿ. ಜ್ವರ ಅಲ್ಲ. ಕಣ್ಣು ಕಾಣ್ತಿಲ್ಲ.”

ಫೋನನ್ನು ಅವನು ಜೇಬಿಗೆ ಹಾಕಿಕೊಂಡ.

ಫುಸಾಯೊ ಷಟರ್ ಎಳೆದು ಅವನನ್ನು ನಿಲ್ದಾಣದ ಹಿಂದಿನ ಕಣ್ಣಿನ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ಅವನ ಎಡಗಡೆಯಲ್ಲೇ ನಡೆದಳು. ಹೆಜ್ಜೆ ಸದ್ದು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ.

ನರ್ಸು ಅವನ ಬಲಗಣ್ಣು ಮುಚ್ಚಿ ಉಂಗುರಗಳ ಹಲಗೆಯ ದೀಪ ಹಾಕಿದಳು. ಕೋಲು ಕೆಳಗಿನ ಸಾಲಿಗೆ ಬಂದಾಗ ಉಂಗುರಗಳು ನೀರಿನೊಳಗಿದ್ದಂತೆ ಅಲುಗಾಡಿದವು.

“ಇದು ಯಾವ ಕಡೆ?”

ಬಲ, ಕೆಳಗೆ, ಎಡ, ಎಡ. ಮೂವತ್ತನಾಲ್ಕು ವರ್ಷದ ಹಿಂದಿನ ಸಾಲು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಹಲ್ಲು ಕಚ್ಚಿದ.

“ಗೊತ್ತಾಗ್ತಿಲ್ಲ.”

ಡಾಕ್ಟರು ಕೋಣೆ ಕತ್ತಲು ಮಾಡಿ, ಕಣ್ಣಿಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. “ಕಪ್ಪು ಶುರುವಾಗಿ ಎಷ್ಟು ದಿನ ಆಯ್ತು?”

“ನಾಲ್ಕೈದು,” ಎಂದ ಶಿಗೆತೊ. ತುಸು ತಡೆದು, “ಅಲ್ಲ. ಇಪ್ಪತ್ತೆರಡು ದಿನ,” ಎಂದ.

ಡಾಕ್ಟರು ದೊಡ್ಡ ಆಸ್ಪತ್ರೆಗೆ ಈಗಲೇ ಫೋನ್ ಮಾಡುವಂತೆ ನರ್ಸಿಗೆ ಹೇಳಿದರು; ಇವರನ್ನು ತಲೆ ಅಲುಗಿಸದೆ ಮಲಗಿಸಿ ಎಂದೂ ಹೇಳಿದರು. ಶಿಗೆತೊ ಅಂಗಾತ ಮಲಗಿದ. ಛಾವಣಿ ಬಿಳಿಯದಾಗಿತ್ತು. ಅದರ ಎಡ ತುದಿಯಲ್ಲಿ ಬೆಳಿಗ್ಗೆಗಿಂತ ಒಂದು ಬೆರಳಗಲ ಹೆಚ್ಚು ಕಪ್ಪಿತ್ತು. ಈ ಸಲ ಅವನು ಕಣ್ಣು ತಪ್ಪಿಸದೆ ಅದನ್ನು ಅಳೆದು ನೋಡಿದ.