ಹಸುವಿನ ಡ್ರಮ್ಮು ಹೊಳೆನರಸೀಪುರಕ್ಕೆ ಹೊರಟದ್ದು

ಸಂಜೆ ನಾಲ್ಕು ಗಂಟೆ ಹದಿನೆಂಟು ನಿಮಿಷ. ಇದು ನನ್ನ ನೆನಪಲ್ಲ, ಫೋನಿನದು. ವಿಡಿಯೊ ಶುರುವಾದ ಹೊತ್ತನ್ನು ಅದೇ ಬರೆದುಕೊಂಡಿದೆ.

ಅರಕಲಗೂಡಿನಿಂದ ಸ್ವಲ್ಪ ಆಚೆ ನಮ್ಮೂರು. ಮನೆಗೆ ಅಂಟಿಕೊಂಡೇ ಅಣ್ಣನ ಶುಂಠಿ ಹೊಲ. ನೀರು ನಿಂತರೆ ಶುಂಠಿ ಕೊಳೆಯುತ್ತದೆಂದು ತೋಡಿದ ಕಾಲುವೆಗಳೆಲ್ಲ ನಮ್ಮ ಅಂಗಳದ ಅಂಚಿನಲ್ಲಿ ಒಂದಾಗಿ, ರಸ್ತೆಯ ಕೆಳಗಿನ ಮೋರಿಗೆ ನುಗ್ಗುತ್ತವೆ. ಆವತ್ತಿನ ಮಳೆಗೆ ಅಲ್ಲಿ ನನ್ನ ಸೊಂಟದ ಮಟ್ಟ ನೀರು. ಅಣ್ಣನ ಮಕ್ಕಳಿಬ್ಬರು, ಐದು ವರ್ಷದ ಹುಡುಗಿ ಮತ್ತು ಮೂರೂವರೆಯ ಅವಳ ತಮ್ಮ, ಅಂಗಳದಲ್ಲಿ ಚಡ್ಡಿಯಲ್ಲೇ ಕುಣಿಯುತ್ತಿದ್ದರು. ಅವರನ್ನು ನೋಡಿಕೊಳ್ಳುವ ಕೆಲಸ ನನ್ನದು. ಹಾಸನದಲ್ಲಿ ಭೌತಶಾಸ್ತ್ರ ಓದಿ ಬಂದ ನಾನು ಜಗಲಿಯ ಮೇಲೆ ನಿಂತು ವಿಡಿಯೊ ಮಾಡುತ್ತಿದ್ದೆ.

ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಹಸು ಕಲಗಚ್ಚು ಕುಡಿಯಲು ಇಟ್ಟಿದ್ದೆವು. ಮಕ್ಕಳು ಅದನ್ನು ಎಳೆದು ಕಾಲುವೆಗೆ ಇಳಿಸಿ ಒಳಗೆ ಕೂತರು. ತಮ್ಮ ಡ್ರೈವರ್, ಅಕ್ಕ ಕಂಡಕ್ಟರ್.

"ಒಳೆನರಸೀಪುರ, ಒಳೆನರಸೀಪುರ! ಒಳಿಕ್ ನಡೀರಿ, ಒಳಿಕ್ ನಡೀರಿ!"

ವಿಡಿಯೊದಲ್ಲಿ ನನ್ನ ನಗು ಕೇಳುತ್ತದೆ. "ರೈಟ್ ರೈಟ್" ಅಂದದ್ದೂ ನಾನೇ. ಬಸ್ಸು ಹೊರಟಿತು.

ತೇಲುವ ವಸ್ತು ನೀರು ಹೋದ ಕಡೆಗೇ ಹೋಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಹಸುವಿಗೆ. ಸರಿಯಾಗಿ ಕಲಗಚ್ಚಿನ ಹೊತ್ತಿಗೆ ತನ್ನ ಡ್ರಮ್ಮು ಊರು ಬಿಟ್ಟು ಹೋಗುವುದನ್ನು ಕಂಡು ಅದು ಅರಚಿದ ರಭಸಕ್ಕೆ ನಾನು ಫೋನಿನಿಂದ ಕಣ್ಣೆತ್ತಿದೆ. ಮೋರಿಗೆ ನಾಲ್ಕೇ ಮಾರು ಉಳಿದಿತ್ತು. ಅದರ ಬಾಯೊಳಗೆ ಬರೀ ಕತ್ತಲು.

ಮುಂದಿನದು ವಿಡಿಯೊದಲ್ಲಿ ಕಾಣುವುದಿಲ್ಲ. ಫೋನು ಕೆಸರಲ್ಲಿ ಕ್ಯಾಮೆರಾ ಮೇಲಾಗಿ ಬಿದ್ದು ಬರೀ ಆಕಾಶವನ್ನು ಸೆರೆಹಿಡಿದಿದೆ. ಆದರೆ ಎಲ್ಲವೂ ಕೇಳುತ್ತದೆ. ನಾನು ಜಾರಿ ಬಿದ್ದದ್ದು. ಎದ್ದು ಮತ್ತೆ ಬಿದ್ದದ್ದು. ನೀರಿಗೆ ಧುಮುಕಿದ್ದು. ಡ್ರಮ್ಮು ಎದೆಗೆ ಬಡಿದು ನಿಂತಾಗ ನನ್ನ ಬೆನ್ನು ಮೋರಿಯ ಕಲ್ಲಿಗೆ ಒತ್ತಿಕೊಂಡಿತ್ತು.

"ಇಲ್ಲಿ ಸ್ಟಾಪ್ ಇಲ್ಲ ಕಣತ್ತೆ! ಯಾಕ್ ತಡೀತೀಯ?" ಎಂದು ಕಂಡಕ್ಟರ್ ರೇಗಿದಳು.

ಅಷ್ಟರಲ್ಲಿ ನನ್ನ ಅವ್ವ ಓಡಿ ಬಂದಳು. "ನಿನ್ನ ಓದಿಗೆ ಬೆಂಕಿ ಬೀಳ! ಅಸ ನೋಡ್ತು ಕಣೇ, ನೀನ್ ನೋಡ್ನಿಲ್ವಲ್ಲೇ!"

ಫೋನು ಎರಡು ದಿನ ಅಕ್ಕಿ ಡಬ್ಬದಲ್ಲಿ ಮಲಗಿ ಬದುಕಿಕೊಂಡಿತು. ಮಕ್ಕಳಿಗೆ ಶೀತವೂ ಆಗಲಿಲ್ಲ. ಬೆಚ್ಚಿದವಳು ನಾನು. ಪ್ರತಿ ರಾತ್ರಿ ಎದ್ದು, ಅವರ ಕಂಬಳಿ ಎತ್ತಿ, ತಲೆ ಎಣಿಸುತ್ತಿದ್ದೆ. ಇದ್ದದ್ದೇ ಎರಡು ತಲೆ. "ಇಲ್ಲೇ ಇವ್ನಿ ಕಣತ್ತೆ, ಮನಿಕ್ಕೊ" ಎಂದು ಹುಡುಗಿ ಕಣ್ಣು ಬಿಡದೆ ಗೊಣಗುವಳು. ತಮ್ಮ ಎದ್ದು ಅಳುವನು. ಅವನ ಅಳುವಿಗೆ ಮನೆಯೆಲ್ಲ ಏಳುವುದು. ಹಗಲು ನಾಲ್ಕು ಹನಿ ಬಿದ್ದರೆ ನಾನು ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಮಕ್ಕಳು ಕಿಟಕಿಯ ಕಂಬಿಯಾಚೆ ಕೈ ಚಾಚಿ, ಸೂರಿನ ನೀರು ಹಿಡಿದು ಒಬ್ಬರ ಮುಖಕ್ಕೊಬ್ಬರು ಎರಚಿಕೊಳ್ಳುತ್ತಿದ್ದರು.

ಆರನೆಯ ದಿನ ಅಣ್ಣ ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದ. ಅವ್ವ ಅದನ್ನೂ ನಂಬಲಿಲ್ಲ. ಹಸುವಿನ ಹಗ್ಗ ಬಿಚ್ಚಿ, ಡ್ರಮ್ಮಿನ ಅಂಚಿಗೆ ತೂತು ಹೊಡೆದು, ಅದೇ ಹಗ್ಗದಿಂದ ಡ್ರಮ್ಮನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಿದಳು.

"ಅಸೀಗ್ ಯಾಕೆ ಅಗ್ಗ? ಅದು ಎಲ್ಲೂ ಓಗಲ್ಲ. ಓಗೋವು ಇವು." ಚಿಲಕ ತೆಗೆದವಳೂ ಅವಳೇ. "ಮಳೇಲಿ ಆಡ್ದೆ ಇನ್ಯಾವಾಗ ಆಡವು? ನೀನೂ ಓಗು. ಕಣ್ಣು ಮಕ್ಳ ಮ್ಯಾಲಿರ್ಲಿ."

ಫೋನನ್ನು ನಾನೇ ಅಕ್ಕಿ ಡಬ್ಬಕ್ಕೆ ಹಾಕಿ ಮಳೆಗೆ ಇಳಿದೆ.

ಡ್ರಮ್ಮು ನಿಂತಲ್ಲೇ ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣಕ್ಕೂ ಹೋಯಿತು. ಒಳಗೆ ಜಾಗವಿರಲಿಲ್ಲ. ನಾನು ಹಗ್ಗ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೆನೆಯುತ್ತಿದ್ದೆ.

"ಟಿಕೆಟ್ ಎಷ್ಟಮ್ಮ?" ಎಂದೆ.

"ಎಂಗಸ್ರಿಗೆ ಫ್ರೀ ಕಣತ್ತೆ. ಆಧಾರ್ ತೋರ್ಸು."

ಒದ್ದೆ ಅಂಗೈ ತೋರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಒಪ್ಪಿಕೊಂಡಳು. ಸರಿಯಾಗಿ ಕಲಗಚ್ಚಿನ ಹೊತ್ತಿಗೆ ಹಸು ಬಂದು ಡ್ರೈವರನ ತಲೆ ನೆಕ್ಕಿತು. ಬಸ್ಸು ಖಾಲಿಯಾಯಿತು.

ಆ ರಾತ್ರಿ ಯಾರೂ ಏಳಲಿಲ್ಲ, ನಾನೂ. ಮತ್ತೆ ಹಸುವಿನ ಕೂಗು ಕಿವಿಗೆ ಬಿದ್ದಾಗ ಬಿಸಿಲು ಜಗಲಿಗೆ ಬಂದಿತ್ತು. ಅದಕ್ಕೆ ಕಲಗಚ್ಚು ಬೇಕಿತ್ತು, ಅಷ್ಟೇ.