ಉಪದೇಶಿ ಚೌರಪ್ಪನ ಹಿಮ್ಮಡಿ
ಕೋಗಿಲಿನ ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿ ಚೌರಪ್ಪನಿಗೆ ಧರ್ಮದ ಮಾತು ಸಿಕ್ಕರೆ ಹಬ್ಬದೂಟವೇ ಸಿಕ್ಕಂತೆ. ಟೀ ಅಂಗಡಿಯಲ್ಲಿ ಗೆಳೆಯ ಚಿಕ್ಕಹನುಮಯ್ಯ, "ಎಲ್ಲಾ ದೇವ್ರೂ ಒಂದೇ ಅಲ್ವೇನಯ್ಯ? ನಿಮ್ದೇನು ಬ್ಯಾರೆ?" ಎಂದು ದಿನವೂ ಕೆಣಕುತ್ತಾನೆ. ಚೌರಪ್ಪ ಕಾಲುಗಳನ್ನು ಬೆಂಚಿನಡಿ ಮರೆಮಾಡಿ, ಗಂಟಲು ಸರಿಮಾಡಿಕೊಂಡು, "ಎಲ್ಲಾ ಕಡೆ ಭಕ್ತರು ದೇವ್ರ ಪಾದ ತೊಳೀತಾರೆ. ನಮ್ ದೇವ್ರು ತಾನೇ ಬಗ್ಗಿ ಶಿಷ್ಯರ ಪಾದ ತೊಳ್ದ ಕಣಯ್ಯ!" ಎಂದು ತೊಡೆ ತಟ್ಟುತ್ತಾನೆ. ಟೀ ಆರಿ ಕೆನೆ ಕಟ್ಟಿದರೂ ಅವನ ಮಾತು ಆರುವುದಿಲ್ಲ. ಯೇಸು ಹಾಗೆ ಪಾದ ತೊಳೆದ ನೆನಪಿಗೆಂದೇ, ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಹನ್ನೆರಡು ಜನರನ್ನು ಹಿಡಿದು ತಂದು ಕೂರಿಸುವವನು ಚೌರಪ್ಪನೇ. ತಾನು ಮಾತ್ರ ಮೂವತ್ತು ವರ್ಷ ನೀರಿನ ತಂಬಿಗೆ ಹಿಡಿದು ನಿಂತು ತಪ್ಪಿಸಿಕೊಂಡಿದ್ದ. ಹೊಟ್ಟೆಪಾಡಿಗೆ ಮಾಡುವ ಗಾರೆ ಕೆಲಸದ ಸುಣ್ಣ, ಸಿಮೆಂಟು ತಿಂದ ಅವನ ಹಿಮ್ಮಡಿಗಳನ್ನು ಹೆಂಡತಿಯೂ ಸರಿಯಾಗಿ ನೋಡಿರಲಿಲ್ಲ. ಈ ವರ್ಷ ಹನ್ನೆರಡನೆಯವನು ಕೈಕೊಟ್ಟ. "ನೀವೇ ಕೂತ್ಕೊಳ್ಳಿ ಚೌರಪ್ಪನೋರೇ," ಎಂದರು ಮಗನ ವಯಸ್ಸಿನ ಫಾದರ್. "ಬ್ಯಾಡಿ ಫಾದರ್, ಈ ಕಾಲು ನೀವು ಮುಟ್ಬಾರ್ದು," ಎಂದು ಚೌರಪ್ಪ ಗೋಗರೆದರೂ ಕೇಳದೆ ಫಾದರ್ ಮೊಣಕಾಲೂರಿ, ಆ ಬಿರುಕು ಬಿಟ್ಟ ಪಾದಗಳನ್ನು ತೊಳೆದು, ಒರೆಸಿ, ಮುತ್ತಿಟ್ಟರು. ಹಬ್ಬ ಮುಗಿದ ಮೇಲೆ ಚಿಕ್ಕಹನುಮಯ್ಯ ಮತ್ತೆ ಕೆಣಕಿದ: "ನಿಮ್ದೇನಯ್ಯ ಬ್ಯಾರೆ?" ಚೌರಪ್ಪ ಬೆಂಚಿನಡಿಯ ಕಾಲುಗಳನ್ನು ಮೆಲ್ಲನೆ ಬಿಸಿಲಿಗೆ ಚಾಚಿದ.